ಹಸುಗೂಸಿನ ಮೊದಲ ದಿನಗಳು

ಬಾಲ್ಯದಲ್ಲಿ ಅತ್ಯಂತ ಗಂಡಾಂತರದ ದಿನ ಯಾವುದೆಂದು ಕೇಳಿದರೆ ವೈದ್ಯರು ಕೊಡುವ ಉತ್ತರ ಒಂದೇ: ಹುಟ್ಟಿದ ದಿನ. ಒಂಬತ್ತು ತಿಂಗಳು ಬೆಚ್ಚನೆಯ ನೀರಿನಲ್ಲಿ ತೇಲುತ್ತ, ಹೊಕ್ಕುಳಬಳ್ಳಿಯ ಮೂಲಕ ಉಸಿರನ್ನೂ ಆಹಾರವನ್ನೂ ಪಡೆಯುತ್ತಿದ್ದ ಜೀವವು ಕೆಲವೇ ನಿಮಿಷಗಳಲ್ಲಿ ತಾನೇ ಉಸಿರಾಡಬೇಕು, ತನ್ನ ಮೈಯ ಶಾಖವನ್ನು ತಾನೇ ಕಾಯ್ದುಕೊಳ್ಳಬೇಕು, ತಾನೇ ಚೀಪಿ ನುಂಗಬೇಕು. ಬಹುಪಾಲು ಕೂಸುಗಳು ಈ ಹೊಳೆಯನ್ನು ಸುಲಭವಾಗಿ ದಾಟುತ್ತವೆ. ದಾಟಲಾರದ ಕೂಸುಗಳೂ ಉಂಟು. 2020ರ ಲೆಕ್ಕದಂತೆ ಭಾರತದಲ್ಲಿ ಜೀವಂತವಾಗಿ ಹುಟ್ಟಿದ ಪ್ರತಿ 1,000 ಶಿಶುಗಳಲ್ಲಿ 20 ಶಿಶುಗಳು 28 ದಿನ ತುಂಬುವುದರೊಳಗೆ ತೀರಿಕೊಂಡವು. ಇವುಗಳಲ್ಲಿ ಹೆಚ್ಚಿನವು ಅವಧಿಗೆ ಮೊದಲೇ ಹುಟ್ಟಿದವು, ಹುಟ್ಟುವಾಗ ಉಸಿರು ಕಟ್ಟಿದವು ಅಥವಾ ಸೋಂಕಿಗೆ ತುತ್ತಾದವು. ಇವುಗಳಲ್ಲಿ ಅನೇಕ ಸಾವುಗಳನ್ನು ತಡೆಯಲು ಸಾಧ್ಯವಿತ್ತೆಂಬುದೇ ನೋವಿನ ಸಂಗತಿ.

ತುಂಬು ಬಸಿರು ಎಂದರೆ 37 ವಾರಗಳಿಗೆ ಮೇಲ್ಪಟ್ಟದ್ದು. ಅದಕ್ಕೆ ಮೊದಲು ಹುಟ್ಟಿದ ಕೂಸಿನ ಶ್ವಾಸಕೋಶಗಳು ಪೂರ್ತಿ ಬಲಿತಿರುವುದಿಲ್ಲ. ಬಲಿತ ಶ್ವಾಸಕೋಶದ ಗಾಳಿಚೀಲಗಳ ಒಳಗೋಡೆಗೆ ಸಾಬೂನಿನ ನೊರೆಯಂತೆ ಕೆಲಸಮಾಡುವ ಒಂದು ದ್ರವ್ಯ ಸವರಿರುತ್ತದೆ. ಅದಿಲ್ಲದಿದ್ದರೆ ಪ್ರತಿ ಸಲ ಉಸಿರು ಬಿಟ್ಟಾಗಲೂ ಚೀಲಗಳು ಕುಸಿದು ಅಂಟಿಕೊಳ್ಳುತ್ತವೆ. 1963ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿಯವರ ಮಗ ಪ್ಯಾಟ್ರಿಕ್ ಅವಧಿಗೆ ಐದು ವಾರಗಳಷ್ಟು ಮುಂಚೆ ಹುಟ್ಟಿ, ಇದೇ ಕಾರಣದಿಂದ ಎರಡು ದಿನ ತುಂಬುವ ಮೊದಲೇ ತೀರಿಕೊಂಡನು. ಅಂದು ಬಲಿಷ್ಠ ದೇಶವೊಂದರ ಅಧ್ಯಕ್ಷರಿಗೂ ದೊರೆಯದಿದ್ದ ಚಿಕಿತ್ಸೆ ಇಂದು ಮಂಡ್ಯದ ರೈತನ ಕೂಸಿಗೆ ದೊರೆಯಬಲ್ಲುದು. ಅರವತ್ತು ವರ್ಷಗಳಲ್ಲಿ ನಡೆದ ಈ ಬದಲಾವಣೆ ಸಾಮಾನ್ಯವಾದುದಲ್ಲ.

ಉಸಿರಿನ ತರುವಾಯ ಬರುವುದು ಶಾಖದ ಪ್ರಶ್ನೆ. ದೊಡ್ಡವರಿಗೆ ಚಳಿಯಾದರೆ ಮೈ ನಡುಗಿ ಬಿಸಿಯೇರುತ್ತದೆ. ಹಸುಗೂಸು ನಡುಗಲಾರದು. ಅದರ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಚರ್ಮದಡಿಯ ಕೊಬ್ಬು ಕಡಿಮೆ. ಒದ್ದೆ ಮೈಯಲ್ಲೇ ಬಿಟ್ಟ ಕೂಸು ನೋಡುನೋಡುತ್ತಿದ್ದಂತೆ ತಣ್ಣಗಾಗುತ್ತದೆ. ತಣ್ಣಗಾದ ಕೂಸಿನ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ, ಉಸಿರಾಟ ಕೆಡುತ್ತದೆ, ಹಾಲು ಕುಡಿಯುವ ಶಕ್ತಿ ಕುಂದುತ್ತದೆ. ಹುಟ್ಟಿದೊಡನೆ ಸ್ನಾನ ಮಾಡಿಸುವ ಹಳೆಯ ರೂಢಿಯನ್ನು ವೈದ್ಯರು ಬೇಡವೆನ್ನುವುದು ಈ ಕಾರಣಕ್ಕಾಗಿ. ಬಾಣಂತಿಯನ್ನೂ ಮಗುವನ್ನೂ ಬೆಚ್ಚಗಿಡಬೇಕೆಂಬ ಹಿರಿಯರ ಮಾತಾದರೋ ಪೂರ್ಣ ಸತ್ಯ.

ಇಂಥ ಕೂಸುಗಳಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂರು ಹಂತಗಳ ಏರ್ಪಾಡನ್ನು 2011ರಲ್ಲಿ ದೇಶಕ್ಕೆಲ್ಲ ಅನ್ವಯಿಸುವಂತೆ ಗೊತ್ತುಪಡಿಸಲಾಯಿತು. ಹೆರಿಗೆಯಾಗುವ ಪ್ರತಿ ಕೋಣೆಯಲ್ಲಿಯೂ ಕೂಸನ್ನು ಒರೆಸಿ, ಬೆಚ್ಚಗಿರಿಸಿ, ಉಸಿರಾಡದಿದ್ದರೆ ಮೊದಲ ನಿಮಿಷದಲ್ಲೇ ಚೀಲ ಮತ್ತು ಮುಖವಾಡದಿಂದ ಗಾಳಿ ಊದಲು ಒಂದು ಮೂಲೆ ಇರಬೇಕು. ಮದ್ದೂರು, ಮಳವಳ್ಳಿಗಳಂತಹ ತಾಲ್ಲೂಕು ಕೇಂದ್ರಗಳ ಆಸ್ಪತ್ರೆಗಳಲ್ಲಿ ಕೂಸಿನ ಸ್ಥಿತಿಯನ್ನು ಹದಕ್ಕೆ ತರುವ ನಾಲ್ಕು ಹಾಸಿಗೆಗಳ ಘಟಕವಿರಬೇಕು. ಜಿಲ್ಲಾ ಮಟ್ಟದಲ್ಲಿ ಕನಿಷ್ಠ 12 ಹಾಸಿಗೆಗಳ ವಿಶೇಷ ನವಜಾತ ಶಿಶು ಘಟಕವಿದ್ದು, ಹಗಲಿರುಳೂ ವೈದ್ಯರೂ ತರಬೇತಾದ ದಾದಿಯರೂ ಇರಬೇಕು. ಮಂಡ್ಯದಲ್ಲಿ ಈ ಹೊಣೆಯನ್ನು ಹೊತ್ತಿರುವುದು 2006ರಲ್ಲಿ ಆರಂಭವಾದ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಜನರು ಅದನ್ನು ಮಿಮ್ಸ್ ಎಂದೇ ಕರೆಯುತ್ತಾರೆ. ಅಲ್ಲಿಗೂ ಮೀರಿದ ತೊಡಕುಗಳಿದ್ದರೆ ಮೈಸೂರಿನ ಚೆಲುವಾಂಬ ಆಸ್ಪತ್ರೆ ಅಥವಾ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿವೆ.

ಕಾಗದದ ಮೇಲೆ ಮೂರು ಹಂತಗಳು ಅಂದವಾಗಿ ಕಾಣುತ್ತವೆ. ಆದರೆ ಹಂತಹಂತಗಳ ನಡುವೆ ರಸ್ತೆ ಇದೆ. ಮದ್ದೂರಿನಿಂದ ಮಂಡ್ಯಕ್ಕೆ ಸುಮಾರು 20 ಕಿಲೋಮೀಟರು. ಮಳವಳ್ಳಿಯಿಂದ ಸುಮಾರು 40. ಒಂದೂವರೆ ಕಿಲೋ ತೂಕದ ಕೂಸಿಗೆ ಅದು ದೀರ್ಘ ಪ್ರಯಾಣ. ಅನೇಕ ಕೂಸುಗಳು ಮೂಲ ಕಾಯಿಲೆಗಿಂತ ಹೆಚ್ಚಾಗಿ ದಾರಿಯ ಚಳಿಯಿಂದ ಕುಗ್ಗಿ ದೊಡ್ಡಾಸ್ಪತ್ರೆಯನ್ನು ತಲುಪುವುದುಂಟು. ಆದುದರಿಂದ ಕೂಸನ್ನು ಅವಸರದಿಂದ ಗಾಡಿಗೆ ಹತ್ತಿಸುವುದಕ್ಕಿಂತ ಮೊದಲು ಅದರ ಮೈಬಿಸಿ, ಉಸಿರು, ರಕ್ತದ ಸಕ್ಕರೆಗಳನ್ನು ತಾಲ್ಲೂಕು ಆಸ್ಪತ್ರೆಯಲ್ಲಿಯೇ ಸರಿಪಡಿಸಬೇಕು. ಮುಂಚೆಯೇ ಫೋನಿನಲ್ಲಿ ತಿಳಿಸಿ, ಸಾಧ್ಯವಾದಲ್ಲಿ ತಾಯಿಯ ಎದೆಗೆ ಕೂಸನ್ನು ಒತ್ತಿ ಕಟ್ಟಿ ಕಳುಹಿಸಬೇಕು. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ಆರಂಭವಾದ 108 ಆಂಬುಲೆನ್ಸ್ ಸೇವೆ ಈ ದಾರಿಯ ಕಷ್ಟವನ್ನು ಎಷ್ಟೋ ಕಡಿಮೆಮಾಡಿದೆ. ಆದರೂ ತಾಯಿಯ ಗರ್ಭಕ್ಕಿಂತ ಒಳ್ಳೆಯ ಆಂಬುಲೆನ್ಸ್ ಇಲ್ಲವೆಂಬುದು ವೈದ್ಯರಲ್ಲಿ ಬಳಕೆಯಲ್ಲಿರುವ ಮಾತು. ಅವಧಿಗೆ ಮೊದಲೇ ನೋವು ಕಾಣಿಸಿಕೊಂಡಾಗ ಹೆರಿಗೆಗೆ ಮುನ್ನವೇ ಬಸುರಿಯನ್ನು ಜಿಲ್ಲಾ ಕೇಂದ್ರಕ್ಕೆ ಸೇರಿಸಿದರೆ, ಕೂಸಿನ ಶ್ವಾಸಕೋಶವನ್ನು ಬಲಿಯಿಸುವ ಚುಚ್ಚುಮದ್ದನ್ನು ಆಕೆಗೆ ಕೊಡಲು ಸಮಯ ಸಿಗುತ್ತದೆ.

ವಿಶೇಷ ಘಟಕದೊಳಗೆ ಮೊದಲು ಕಣ್ಣಿಗೆ ಬೀಳುವುದು ಸಾಲುಸಾಲಾದ ತೆರೆದ ತೊಟ್ಟಿಲುಗಳು. ಒಂದೊಂದರ ಮೇಲೂ ಕೆಂಪಗೆ ಕಾಯುವ ಶಾಖದೀಪ. ಕೂಸಿನ ಹೊಟ್ಟೆಗೆ ಅಂಟಿಸಿದ ಪುಟ್ಟ ಬಿಲ್ಲೆ ಮೈಬಿಸಿಯನ್ನು ಅಳೆಯುತ್ತಿದ್ದು, ಅದು 36.5 ಡಿಗ್ರಿ ಸೆಲ್ಸಿಯಸ್ಸಿಗಿಂತ ಇಳಿಯದಂತೆ ದೀಪ ತಾನೇ ಹೆಚ್ಚು ಕಡಿಮೆಯಾಗುತ್ತದೆ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅಂದು ಚಿನ್ನ ತೆಗೆಯಲು ಹೋದ ವಿದ್ಯುತ್ತು ಇಂದು ಅದೇ ಸೀಮೆಯ ಕೂಸುಗಳಿಗೆ ಕಾವು ಕೊಡುತ್ತಿದೆ. ಈ ಕಾವಿನ ಉಪಾಯವನ್ನು ಹೊಳೆಯಿಸಿದ್ದು ಕೋಳಿಮರಿಗಳೆಂಬುದು ವಿನೋದದ ಸಂಗತಿ. 1880ರ ಸುಮಾರಿನಲ್ಲಿ ಪ್ಯಾರಿಸಿನ ವೈದ್ಯ ಸ್ಟೆಫಾನ್ ಟಾರ್ನಿಯೆ ಮೃಗಾಲಯದಲ್ಲಿ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡು, ಅಂಥದೇ ಪೆಟ್ಟಿಗೆಯನ್ನು ಶಿಶುಗಳಿಗಾಗಿ ಮಾಡಿಸಿದನು. ಅವನ ಆಸ್ಪತ್ರೆಯಲ್ಲಿ 2 ಕಿಲೋಗಿಂತ ಕಡಿಮೆ ತೂಕದ ಕೂಸುಗಳ ಸಾವು ನೂರಕ್ಕೆ 66ರಿಂದ 38ಕ್ಕೆ ಇಳಿಯಿತು.

ಕೆಲವು ತೊಟ್ಟಿಲುಗಳ ಮೇಲೆ ನೀಲಿ ಬೆಳಕು ಬೀಳುತ್ತಿರುತ್ತದೆ. ಅದು ಕಾಮಾಲೆಗೆ ಚಿಕಿತ್ಸೆ. ಇದರ ಹಿಂದೆಯೂ ಒಂದು ಕಥೆಯುಂಟು. ಇಂಗ್ಲೆಂಡಿನ ರೋಚ್‌ಫರ್ಡ್ ಆಸ್ಪತ್ರೆಯಲ್ಲಿ ಜೀನ್ ವಾರ್ಡ್ ಎಂಬ ದಾದಿ ಕೂಸುಗಳನ್ನು ಅಂಗಳದ ಎಳೆಬಿಸಿಲಿಗೆ ಒಯ್ಯುತ್ತಿದ್ದಳು. 1956ರ ಒಂದು ದಿನ ಆಕೆ ವೈದ್ಯರಿಗೆ ಒಂದು ಕೂಸನ್ನು ತೋರಿಸಿದಳು: ಮೈಯೆಲ್ಲ ಹಳದಿ ಕಳೆದಿತ್ತು, ಬಟ್ಟೆಯ ಮೂಲೆ ಮುಚ್ಚಿದ್ದ ತ್ರಿಕೋನಾಕಾರದ ಒಂದು ಭಾಗ ಮಾತ್ರ ಹಳದಿಯಾಗಿಯೇ ಉಳಿದಿತ್ತು. ಬೆಳಕಿಗೆ ಕಾಮಾಲೆಯನ್ನು ತಗ್ಗಿಸುವ ಗುಣವಿದೆಯೆಂಬುದು ಹೀಗೆ ತಿಳಿದುಬಂದಿತು. ನಮ್ಮ ಮನೆಗಳಲ್ಲಿಯೂ ಅಜ್ಜಿಯರು ಕೂಸನ್ನು ಬಿಸಿಲಿಗೆ ಹಿಡಿಯುತ್ತಾರೆ. ಆದರೆ ಏರಿದ ಕಾಮಾಲೆಗೆ ಬಿಸಿಲನ್ನೇ ನಂಬಿ ಕುಳಿತರೆ ಮಿದುಳಿಗೆ ತೀರದ ಹಾನಿಯಾಗಬಹುದು.

ಪ್ರಾಣವಾಯುವಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 1940ರ ದಶಕದಲ್ಲಿ ಮುಂದುವರಿದ ದೇಶಗಳ ಆಸ್ಪತ್ರೆಗಳು ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಧಾರಾಳವಾಗಿ ಆಮ್ಲಜನಕ ಕೊಟ್ಟವು. ಕೂಸುಗಳು ಉಳಿದವು, ಆದರೆ ಸಾವಿರಾರು ಕೂಸುಗಳು ಕುರುಡಾದವು. ಅಮೃತದಂತಹ ವಾಯುವೂ ಮಿತಿಮೀರಿದರೆ ಎಳೆಯ ಅಕ್ಷಿಪಟಲದ ರಕ್ತನಾಳಗಳನ್ನು ಕೆಡಿಸುವುದೆಂದು ತಿಳಿಯಲು ಹತ್ತಾರು ವರ್ಷ ಹಿಡಿಯಿತು. ಈಗ ಕೂಸಿನ ಅಂಗಾಲಿಗೆ ಕಟ್ಟಿದ ಕೆಂಬೆಳಕಿನ ಪಟ್ಟಿ ರಕ್ತದಲ್ಲಿರುವ ಆಮ್ಲಜನಕವನ್ನು ಕ್ಷಣಕ್ಷಣವೂ ತಿಳಿಸುತ್ತಿರುತ್ತದೆ.

ಇಷ್ಟೆಲ್ಲ ಯಂತ್ರಗಳ ನಡುವೆ ಬಹುಕಾಲ ಒಬ್ಬಳಿಗೆ ಮಾತ್ರ ಎಡೆಯಿರಲಿಲ್ಲ. ಅವಳು ತಾಯಿ. ಸೋಂಕು ತಗುಲೀತೆಂಬ ಭಯದಿಂದ ಆಕೆಯನ್ನು ಗಾಜಿನ ಬಾಗಿಲಿನಾಚೆ ನಿಲ್ಲಿಸಲಾಗುತ್ತಿತ್ತು. ಈ ನಂಬಿಕೆಯನ್ನು ಅಲುಗಿಸಿದ್ದು ಬಡತನ. 1978ರಲ್ಲಿ ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ ಎಡ್ಗರ್ ರೇ ಸನಾಬ್ರಿಯ ಎಂಬ ವೈದ್ಯರ ಆಸ್ಪತ್ರೆಯಲ್ಲಿ ಕಾವಿನ ಪೆಟ್ಟಿಗೆಗಳು ಸಾಲದೆ ಒಂದೊಂದರಲ್ಲಿ ಹಲವು ಕೂಸುಗಳನ್ನು ಮಲಗಿಸಬೇಕಾಗಿತ್ತು; ಸೋಂಕು ಹರಡುತ್ತಿತ್ತು. ಅವರು ಕೂಸುಗಳನ್ನು ತಾಯಂದಿರ ಬರಿಯ ಎದೆಗೆ ಆನಿಸಿ ಕಟ್ಟಿಸಿದರು. ಕಾಂಗರೂ ತನ್ನ ಮರಿಯನ್ನು ಚೀಲದಲ್ಲಿಟ್ಟುಕೊಳ್ಳುವಂತಿದ್ದುದರಿಂದ ಈ ಕ್ರಮಕ್ಕೆ ಕಾಂಗರೂ ಆರೈಕೆಯೆಂದೇ ಹೆಸರಾಯಿತು. ಮೊದಮೊದಲು ಇದು ಬಡವರ ಉಪಾಯವೆನಿಸಿತ್ತು. ಆದರೆ ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಬೇರೆಯದನ್ನೇ ಹೇಳಿತು. 1 ಕಿಲೋದಿಂದ 1.8 ಕಿಲೋದೊಳಗಿನ ಕೂಸುಗಳನ್ನು ಸ್ಥಿತಿ ಸುಧಾರಿಸುವವರೆಗೆ ಯಂತ್ರದಲ್ಲಿರಿಸುವ ಬದಲು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕೊಟ್ಟಾಗ ಸಾವುಗಳು ನಾಲ್ಕರಲ್ಲೊಂದು ಪಾಲು ಕಡಿಮೆಯಾದವು. ತಾಯಿಯ ಎದೆಯಲ್ಲಿ ಕೂಸಿನ ಮೈಬಿಸಿ ಹದವಾಗಿರುತ್ತದೆ, ಹಾಲು ಬೇಗ ಇಳಿಯುತ್ತದೆ, ಆಸ್ಪತ್ರೆಯ ರೋಗಾಣುಗಳಿಗಿಂತ ಮೊದಲು ತಾಯಿಯ ಮೈಯ ನಿರುಪದ್ರವಿ ಜೀವಾಣುಗಳು ಕೂಸಿನ ಮೇಲೆ ನೆಲೆಸುತ್ತವೆ. ಕರ್ನಾಟಕದಲ್ಲಿಯೇ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಜ್ಞರು ಆರೋಗ್ಯ ಇಲಾಖೆಯೊಡನೆ ಸೇರಿ, ಈ ಕ್ರಮವನ್ನು ಆಸ್ಪತ್ರೆಯಿಂದ ಮನೆಯವರೆಗೂ ಮುಂದುವರಿಸಬಹುದೆಂದು ತೋರಿಸಿಕೊಟ್ಟಿದ್ದಾರೆ.

2017ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಕುಟುಂಬದವರನ್ನೂ ಘಟಕದೊಳಗೆ ಆರೈಕೆಗೆ ತೊಡಗಿಸಬೇಕೆಂದು ಮಾರ್ಗಸೂಚಿಗಳನ್ನು ಹೊರಡಿಸಿತು. ಕೈಯನ್ನು ಮೊಣಕೈವರೆಗೆ ತೊಳೆಯುವುದು, ಕೂಸಿನ ಬಟ್ಟೆ ಬದಲಿಸುವುದು, ಹಾಲು ಹಿಂಡಿ ಕುಡಿಸುವುದು, ಅಪಾಯದ ಗುರುತುಗಳನ್ನು ತಿಳಿಯುವುದು, ಇವನ್ನೆಲ್ಲ ದಾದಿಯರು ತಾಯಿಗೆ ಕಲಿಸುತ್ತಾರೆ. ತಾಯಿ ಹೆರಿಗೆಯ ಶಸ್ತ್ರಚಿಕಿತ್ಸೆಯಿಂದ ಬಳಲಿದ್ದರೆ ಅಜ್ಜಿಯೋ ಚಿಕ್ಕಮ್ಮನೋ ತಂದೆಯೋ ಕೂಸನ್ನು ಎದೆಗೆ ಕಟ್ಟಿಕೊಳ್ಳಬಹುದು. ಅಂಗಿ ಬಿಚ್ಚಿ, ಅಂಗೈಯಷ್ಟು ಕೂಸನ್ನು ಎದೆಯ ಮೇಲಿಟ್ಟುಕೊಂಡು ಗಂಟೆಗಟ್ಟಲೆ ಅಲುಗದೆ ಕೂರುವುದು ಗದ್ದೆಯ ಕೆಲಸದಲ್ಲಿ ಪಳಗಿದ ಗಂಡಸಿಗೂ ಸುಲಭವಲ್ಲ. ಮೊದಲಿನ ಸಂಕೋಚ ಕಳೆದ ಮೇಲೆ ಮಾತ್ರ ಎದ್ದುಹೋಗಲು ಅವನಿಗೇ ಮನಸ್ಸಾಗುವುದಿಲ್ಲ.

ಹಾಲಿನ ವಿಚಾರ ಮನೆಯ ಹಿರಿಯರನ್ನು ಕೇಳದೆ ಮುಗಿಯದು. ಹಸು ಈದಾಗ ಗಿಣ್ಣುಹಾಲನ್ನು ಕರು ಕುಡಿಯಲೇಬೇಕೆಂದು ಮಂಡ್ಯದ ಒಕ್ಕಲಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಬಾಣಂತಿಯ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಜೇನನ್ನೋ ಸಕ್ಕರೆನೀರನ್ನೋ ಹಚ್ಚುವ ರೂಢಿ ಎಷ್ಟೋ ಮನೆಗಳಲ್ಲಿತ್ತು. ಆ ಮೊದಲ ಹಾಲೇ ಸೋಂಕಿನ ವಿರುದ್ಧ ಕೂಸಿಗೆ ಸಿಗುವ ಮೊದಲ ಕವಚ. ಇನ್ನೊಂದು ಕಡೆ ಅದೇ ಮನೆಗಳ ಒಂದು ಹಳೆಯ ವಸ್ತುವನ್ನು ಆಸ್ಪತ್ರೆ ಆದರದಿಂದ ಬರಮಾಡಿಕೊಂಡಿದೆ. ಸುಮಾರು 34 ವಾರಗಳಿಗೆ ಮೊದಲು ಹುಟ್ಟಿದ ಕೂಸಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳಲು ಬರುವುದಿಲ್ಲ. ತೀರ ಎಳೆಯದಾದರೆ ಮೂಗು ಅಥವಾ ಬಾಯಿಯ ಮೂಲಕ ಸಣ್ಣ ನಳಿಗೆ. ಸ್ವಲ್ಪ ಬಲಿತ ಮೇಲೆ ಒಳಲೆ. ಸೀಸೆಯ ರಬ್ಬರನ್ನು ಕುದಿಸಿ ಶುಚಿಮಾಡುವುದಕ್ಕಿಂತ ಒಳಲೆಯನ್ನು ಶುಚಿಮಾಡುವುದು ಸುಲಭ. ಆದುದರಿಂದ ವೈದ್ಯರೂ ಅದನ್ನೇ ಮೆಚ್ಚುತ್ತಾರೆ.

ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ಶಿಶುವಿಗೆ ಒಂದು ವರ್ಷದವರೆಗೆ ಚಿಕಿತ್ಸೆ, ಔಷಧಿ, ಸಾಗಣೆ ಉಚಿತ. ಆದರೂ ಕುಟುಂಬಕ್ಕೆ ತಗಲುವ ವೆಚ್ಚ ಸಣ್ಣದಲ್ಲ. ಕೂಲಿಗೆ ಹೋಗುವವರ ಕೂಲಿ ತಪ್ಪುತ್ತದೆ, ಮನೆಯಲ್ಲಿ ಬಿಟ್ಟ ದೊಡ್ಡ ಮಗುವನ್ನು ಯಾರಾದರೂ ನೋಡಬೇಕು, ವಾರಗಟ್ಟಲೆ ಇಬ್ಬರ ಊಟ ಹೊರಗೆ ನಡೆಯಬೇಕು. ಈ ಲೆಕ್ಕ ಹಾಕುವಾಗ ಕೆಲವು ಮನೆಗಳಲ್ಲಿ ಕೂಸು ಗಂಡೋ ಹೆಣ್ಣೋ ಎಂಬ ಪ್ರಶ್ನೆಯೂ ನುಸುಳುತ್ತದೆ. ದೇಶದ ಇಂಥ ಘಟಕಗಳಿಗೆ ದಾಖಲಾಗುವವರಲ್ಲಿ ಹೆಣ್ಣು ಕೂಸುಗಳು ಕಡಿಮೆಯೆಂದು ವರದಿಗಳು ತೋರಿಸಿವೆ. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಗರ್ಭದಲ್ಲಿಯೇ ಹೆಣ್ಣನ್ನು ಗುರುತಿಸುವ ಅಕ್ರಮ ದಂಧೆ ಬಯಲಾದುದನ್ನು ನೆನೆದರೆ, ಈ ವ್ಯತ್ಯಾಸವೆಲ್ಲ ಪ್ರಕೃತಿಯದೇ ಎಂದು ನಂಬುವುದು ಕಷ್ಟ.

ತೂಕ ಏರತೊಡಗಿ, ಹಾಲು ಕುಡಿಯುವುದನ್ನು ಕಲಿತ ಕೂಸನ್ನು ಮನೆಗೆ ಕಳುಹಿಸುತ್ತಾರೆ. ಅಲ್ಲಿಗೆ ಚಿಕಿತ್ಸೆ ಮುಗಿಯುವುದಿಲ್ಲ. ಅವಧಿಗೆ ಬಹಳ ಮುನ್ನ ಹುಟ್ಟಿದ ಕೂಸಿನ ಕಣ್ಣನ್ನು ಒಂದು ತಿಂಗಳು ತುಂಬುವುದರೊಳಗೆ ಪರೀಕ್ಷಿಸಲೇಬೇಕು. ತಡವಾದರೆ ದೃಷ್ಟಿ ಮರಳದು. ಇದಕ್ಕಾಗಿ 2008ರಿಂದ ಬೆಂಗಳೂರಿನ ನಾರಾಯಣ ನೇತ್ರಾಲಯದ ತಂಡವು ಕಿಡ್‌ರಾಪ್ ಎಂಬ ಯೋಜನೆಯಲ್ಲಿ ಕ್ಯಾಮರಾದೊಡನೆ ಜಿಲ್ಲೆಗಳ ಆಸ್ಪತ್ರೆಗಳಿಗೆ ಸಂಚರಿಸಿ, ಕೂಸುಗಳ ಅಕ್ಷಿಪಟಲದ ಚಿತ್ರ ತೆಗೆದು, ದೂರದಲ್ಲಿರುವ ತಜ್ಞರಿಗೆ ಅಂತರ್ಜಾಲದ ಮೂಲಕ ಕಳುಹಿಸುವ ಕ್ರಮವನ್ನು ಬೆಳೆಸಿತು.

ಊರಿನಲ್ಲಿ ಈ ಕೆಲಸ ಆಶಾ ಕಾರ್ಯಕರ್ತೆಯ ಪಾಲಿಗೆ ಬರುತ್ತದೆ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಆಕೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೇ ಬಂದು ನೋಡಬೇಕು. ಆಸ್ಪತ್ರೆಯಲ್ಲಿ ಉಳಿದ ಕೂಸನ್ನು ಅದು ಮನೆಗೆ ಮರಳಿದ ಮೇಲೆ ನೋಡುತ್ತಾಳೆ. ಕೈ ತೊಳೆದುಕೊಂಡು, ಕೂಸಿನ ಹೊಟ್ಟೆಯನ್ನೂ ಪಾದವನ್ನೂ ಮುಟ್ಟುತ್ತಾಳೆ. ಪಾದ ಮಾತ್ರ ತಣ್ಣಗಿದ್ದರೆ ತಾಯಿಯ ಎದೆಗೆ. ಎರಡೂ ತಣ್ಣಗಿದ್ದರೆ ತಡಮಾಡದೆ 108ಕ್ಕೆ ಕರೆ. ಅನಂತರ ಗಡಿಯಾರ ಹಿಡಿದು ಒಂದು ನಿಮಿಷ ಪೂರ್ತಿ ಉಸಿರನ್ನು ಎಣಿಸುತ್ತಾಳೆ. 60ಕ್ಕೆ ತಲುಪಿದರೆ ಮತ್ತೊಮ್ಮೆ ಎಣಿಕೆ, ಆಗಲೂ ಇಳಿಯದಿದ್ದರೆ ಆಸ್ಪತ್ರೆ. ಕಡೆಗೆ ಬಟ್ಟೆಯ ಜೋಲಿಯಲ್ಲಿ ಕೂಸನ್ನಿಟ್ಟು ತೂಗಿ, ಅಂಕಿಯನ್ನು ತಾಯಿಯ ಕಾರ್ಡಿನಲ್ಲಿ ಬರೆದು, ಹಿಂದಿನ ಸಲದ ಅಂಕಿಯ ಪಕ್ಕದಲ್ಲಿ ತೋರಿಸುತ್ತಾಳೆ.