ಕೆಮ್ಮಣ್ಣು, ಚಿಪ್ಪುಸುಣ್ಣ ಮತ್ತು ಕಾವಿಕಲೆ: ಉತ್ತರ ಕನ್ನಡ ಕರಾವಳಿಯ ಮಣ್ಣಿನ ಹದ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ನೆಲದಲ್ಲಿ ಜಂಬಿಟ್ಟಿಗೆಯ ಕೆಂಪು ಎದ್ದುಕಾಣುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯು ಯುಗಯುಗಗಳಿಂದ ಶಿಲೆಯೊಳಗಿನ ಸಿಲಿಕವನ್ನು ತೊಳೆದೊಯ್ದು, ಕಬ್ಬಿಣ ಹಾಗೂ ಅಲ್ಯೂಮಿನಿಯಂ ಆಕ್ಸೈಡುಗಳನ್ನು ಉಳಿಸಿದ ಫಲವೇ ಈ ಕೆಮ್ಮಣ್ಣು. ಶರಾವತಿ, ಅಘನಾಶಿನಿ ಮೊದಲಾದ ಹೊಳೆಗಳ ಅಳಿವೆಗಳಲ್ಲಿ ಚಿಪ್ಪು ದೊರೆಯುತ್ತದೆ. ಗುಡ್ಡದ ಕೆಂಪು ಮತ್ತು ಅಳಿವೆಯ ಬಿಳುಪು ಎಂಬ ಈ ಎರಡರ ಸಂಯೋಗದಲ್ಲಿ ಇಲ್ಲಿನ ಭಿತ್ತಿಕಲೆಯೊಂದು ಮೈದಳೆದಿದೆ. ಅದರ ಅಧ್ಯಯನವು ಚಿತ್ರದಿಂದಲ್ಲ, ಮಣ್ಣಿನ ಹದದಿಂದ ಆರಂಭವಾಗಬೇಕು.

ಈ ಕೆಂಪು–ಬಿಳುಪಿನ ಸರಳ ರೂಪವನ್ನು ಹಾಲಕ್ಕಿ ಒಕ್ಕಲಿಗರ ಹಸೆಯಲ್ಲಿ ಕಾಣಬಹುದು. ಮದುವೆ, ಹಬ್ಬಗಳ ಸಂದರ್ಭದಲ್ಲಿ ಹೆಂಗಸರು ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ ಬರೆಯುತ್ತಾರೆ. ಇದು ಅಳಿಯಲೆಂದೇ ಇರುವ ಚಿತ್ರ. ಮತ್ತೊಂದು ಹಬ್ಬಕ್ಕೆ ಗೋಡೆ ಮತ್ತೆ ಸಾರಣೆಗೊಳ್ಳುತ್ತದೆ. ಕೈಯ ನೆನಪು ಕೆಡದಂತೆ ಕಾಯುವುದು ಈ ಪುನರಾವರ್ತನೆಯೇ.

ಕಾವಿಕಲೆಯ ದಾರಿ ಇದಕ್ಕೆ ತದ್ವಿರುದ್ಧವಾದುದು. ಗೋವೆಯಿಂದ ಕರ್ನಾಟಕದ ಕರಾವಳಿಯವರೆಗೆ ದೇವಾಲಯಗಳ ಗೋಡೆಗಳ ಮೇಲೆ ಹರಡಿಕೊಂಡಿರುವ ಈ ಕಲೆ ಬಾಳಿಕೆಗಾಗಿಯೇ ರೂಪುಗೊಂಡುದು. ಚಿಪ್ಪನ್ನು ಸುಟ್ಟು, ನೀರೆರೆದು ಅರಳಿಸಿದ ಸುಣ್ಣಕ್ಕೆ ತೊಳೆದ ಹೊಳೆಯ ಮರಳು ಹಾಗೂ ಬೆಲ್ಲದ ನೀರನ್ನು ಬೆರೆಸಿ ಕೆಲವು ದಿನ ಕೊಳೆಯಲು ಬಿಡುತ್ತಾರೆ. ಬಳಿಕ ಅದನ್ನು ಕುಟ್ಟಿ ನುಣ್ಣನೆಯ ಗಾರೆಯಾಗಿಸುತ್ತಾರೆ. ಗೋಡೆಗೆ ಈ ಬಿಳಿ ಗಾರೆಯ ಲೇಪವಾದ ಮೇಲೆ ಹುರುಮಂಜಿಯ, ಅಂದರೆ ಕೆಂಪು ಕಾವಿಮಣ್ಣಿನ ಪದರ ಬರುತ್ತದೆ. ಅದು ಇನ್ನೂ ಹಸಿಯಾಗಿರುವಾಗಲೇ ಮೊನಚಾದ ಕಬ್ಬಿಣದ ಕಡ್ಡಿಯಿಂದ ಕೆಂಪನ್ನು ಕೆರೆದು ತೆಗೆದರೆ ಒಳಗಿನ ಬಿಳುಪು ರೇಖೆಯಾಗಿ ಮೂಡುತ್ತದೆ. ಕೊನೆಯಲ್ಲಿ ಹೊಳೆಯ ನುಣುಪುಗಲ್ಲಿನಿಂದ ಉಜ್ಜಿ ಮೆರುಗು ಕೊಡುತ್ತಾರೆ.

ಇಲ್ಲಿ ಬಣ್ಣ ಗೋಡೆಯ ಮೇಲೆ ಕೂರುವುದಿಲ್ಲ, ಗೋಡೆಯ ಭಾಗವೇ ಆಗುತ್ತದೆ. ಅರಳಿದ ಸುಣ್ಣ ಗಾಳಿಯ ಇಂಗಾಲಾಮ್ಲವನ್ನು ಹೀರಿ ಮತ್ತೆ ಸುಣ್ಣಕಲ್ಲಾಗುವಾಗ ಕಾವಿಯ ಕಣಗಳನ್ನು ತನ್ನೊಳಗೆ ಬಂಧಿಸಿಕೊಳ್ಳುತ್ತದೆ. ಬೆಲ್ಲದ ಸಕ್ಕರೆ ಗಾರೆಯನ್ನು ಮಿದುವಾಗಿಸಿ, ಅದು ಗಟ್ಟಿಯಾಗುವ ವೇಗವನ್ನು ತಗ್ಗಿಸುತ್ತದೆ. ಕೊರೆಯುವ ಕೈಗೆ ಸಿಗುವ ಅವಕಾಶ ಅದರಿಂದಲೇ. ಕೆಂಪು ಕಬ್ಬಿಣದ ಆಕ್ಸೈಡಿನದಾದ್ದರಿಂದ ಬಿಸಿಲಿಗೆ ಮಾಸದು. ಇಟಲಿಯ ಸ್ಗ್ರಾಫಿಟೊ ವಿಧಾನದೊಂದಿಗೆ ಇದಕ್ಕೆ ಹೋಲಿಕೆಯಿದ್ದರೂ, ಇದರ ಸಾಮಗ್ರಿ ಪೂರ್ಣವಾಗಿ ಈ ನೆಲದ ಗುಡ್ಡ–ಹೊಳೆಗಳಿಗೆ ಒಗ್ಗಿದುದಾಗಿದೆ. ಆದರೆ ಕೆಂಪಿನ ಹೆಸರಿಗೆ ಕಡಲಾಚೆಯ ನಂಟಿದೆ: ಹುರುಮಂಜಿ ಎಂಬ ಪದವು ಪಾರಸಿ ಕೊಲ್ಲಿಯ ಹೊರ್ಮುಜ್ ಬಂದರನ್ನು ನೆನಪಿಸುತ್ತದೆ.

ಹೊನ್ನಾವರದಲ್ಲಿ ಜನಿಸಿದ ಡಾ. ಕೃಷ್ಣಾನಂದ ಕಾಮತ್ (1934–2002) ಅವರು ಕಾವಿಚಿತ್ರಗಳನ್ನು ಛಾಯಾಚಿತ್ರ ಹಾಗೂ ಬರಹಗಳ ಮೂಲಕ ದಾಖಲಿಸಿದರು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗೋಡೆಗಳು ಉರುಳಿದ, ಇಲ್ಲವೆ ಸಿಮೆಂಟು ಮತ್ತು ಎಣ್ಣೆಬಣ್ಣಗಳ ಅಡಿ ಮುಚ್ಚಿಹೋದ ಕಾರಣದಿಂದ ಇಂಥ ದಾಖಲೆಗಳ ಬೆಲೆ ಹೆಚ್ಚಿದೆ. ಸಿಮೆಂಟಿನ ಲೇಪ ಕೇವಲ ಅಂದಗೆಡಿಸುವುದಲ್ಲ. ಸುಣ್ಣದ ಗೋಡೆ ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಗೆಯಲ್ಲಿ ಹೊರಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ತಡೆಯುವುದರಿಂದ ಹಳೆಯ ಗಾರೆ ಸಡಿಲಗೊಂಡು ಉದುರುತ್ತದೆ.

ಇಷ್ಟಾಗಿಯೂ ಛಾಯಾಚಿತ್ರ ಉಳಿಸಿಕೊಡುವುದು ಆಕೃತಿಯನ್ನು ಮಾತ್ರ. ಯಾವ ಗುಡ್ಡದ ಮಣ್ಣು, ಯಾವ ಅಳಿವೆಯ ಚಿಪ್ಪು, ಎಷ್ಟು ದಿನದ ಕೊಳೆ, ಬೆರಳಿಗೆ ತಾಗುವ ಯಾವ ಹದದಲ್ಲಿ ಕಡ್ಡಿ ಎತ್ತಬೇಕು ಎಂಬ ಅರಿವು ಬಹುತೇಕ ಹೆಸರಿಲ್ಲದ ಕುಶಲಕರ್ಮಿಗಳ ಕೈಯಲ್ಲಿತ್ತು. ಹಸೆ ಅಳಿದರೆ ಮರುಹಬ್ಬಕ್ಕೆ ಮೂಡುತ್ತದೆ, ಏಕೆಂದರೆ ಕೈ ಉಳಿದಿದೆ. ಕಾವಿಯಲ್ಲಿ ಗೋಡೆ ಉಳಿದರೂ ಕೈ ಉಳಿಯದಿದ್ದರೆ ದುರಸ್ತಿ ಅಸಾಧ್ಯ. ಶತಮಾನ ಬಾಳಲೆಂದು ಮಾಡಿದ ಗೋಡೆಗೆ ಮರಳಿ ಕೈಹಚ್ಚುವ ಸಂದರ್ಭವೇ ವಿರಳವಾಗಿ, ಬಾಳಿಕೆಯೇ ಈ ವಿದ್ಯೆಗೆ ಮುಳುವಾದಂತೆ ತೋರುತ್ತದೆ.

ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸರ್ ತಾಣವೆಂದು ಮಾನ್ಯತೆ ಪಡೆಯಿತು. ಜಲಜೀವಿಗಳಿಗೆ ದೊರೆತ ಈ ಗಮನ ಅಳಿವೆಯ ಚಿಪ್ಪಿನೊಂದಿಗೆ ಬೆಸೆದ ಕುಶಲವಿದ್ಯೆಗೂ ಸಲ್ಲಬೇಕಾಗಿದೆ. ಜಾನಪದ ಸಂಶೋಧನೆಯು ವಿನ್ಯಾಸಗಳ ವರ್ಗೀಕರಣಕ್ಕೆ ನಿಲ್ಲದೆ, ಗಾರೆ ಅರೆಯುವ ಕ್ರಮವನ್ನು ಬಲ್ಲವರು ಇರುವಾಗಲೇ ಅವರಿಂದ ಕೇಳಿ, ಮಾಡಿಸಿ, ಬರೆದಿಡುವುದು ಅಗತ್ಯ. ಮಣ್ಣಿನ ಹದವೂ ಒಂದು ಮೌಖಿಕ ಪಠ್ಯವೇ ಆಗಿದೆ.