ಮೂರು ಪಟ್ಟಣಗಳ ಹುಟ್ಟು: ಯಳಂದೂರು, ಕೊಳ್ಳೇಗಾಲ, ಹನೂರು

ಭರತಖಂಡದಂತಹ ವಿಶಾಲವಾದ ದೇಶದಲ್ಲಿ ಪಟ್ಟಣಗಳು ಹುಟ್ಟಿದ ಬಗೆ ಒಂದೇ ಆಗಿಲ್ಲ. ಅರಸರ ನೆಲೆಯಾಗಿ ಬೆಳೆದವು ಕೆಲವು. ಕಸುಬು ವ್ಯಾಪಾರಗಳಿಂದ ಬೆಳೆದವು ಕೆಲವು. ಯಾತ್ರಿಕರ ಹಾದಿಯಲ್ಲಿ ತಂಗುದಾಣಗಳಾಗಿ ತಲೆಯೆತ್ತಿದವು ಮತ್ತೆ ಕೆಲವು. ಮಹಾನಗರಗಳಲ್ಲಿ ಈ ಮೂರು ಕಾರಣಗಳೂ ಕಾಲಕ್ರಮದಲ್ಲಿ ಬೆರೆತುಹೋಗುವುದರಿಂದ ಮೂಲವನ್ನು ಬೇರ್ಪಡಿಸುವುದು ಕಷ್ಟ. ಸಣ್ಣ ಪಟ್ಟಣಗಳಲ್ಲಿ ಅದು ಇನ್ನೂ ಕಣ್ಣಿಗೆ ಕಾಣುವಂತಿರುತ್ತದೆ. ಈಗಿನ ಚಾಮರಾಜನಗರ ಜಿಲ್ಲೆಯಲ್ಲಿ ಒಂದಕ್ಕೊಂದು ಸಮೀಪವಾಗಿರುವ ಯಳಂದೂರು, ಕೊಳ್ಳೇಗಾಲ, ಹನೂರುಗಳು ಇದಕ್ಕೆ ಒಳ್ಳೆಯ ನಿದರ್ಶನಗಳು.

ಯಳಂದೂರು ಅರಸುಮನೆತನದ ಊರು. ಬಿಳಿಗಿರಿಯ ಸಾಲಿನ ಮಗ್ಗುಲಲ್ಲಿ, ಸುವರ್ಣಾವತೀ ನದಿಯ ನೀರನ್ನುಂಡು ಬೆಳೆಯುವ ಗದ್ದೆಗಳ ನಡುವೆ, ಹದಿನಾಡಿನ ಪಾಳೆಯಗಾರರು ಇಲ್ಲಿ ನೆಲೆಸಿದರು. ಈ ವಂಶದ ಸಿಂಗದೇಪನು ಸುಮಾರು 1500ರಲ್ಲಿ ಗೌರೀಶ್ವರ ದೇವಾಲಯವನ್ನು ಕಟ್ಟಿಸಿದನೆಂದೂ, 17ನೆಯ ಶತಮಾನದ ನಡುವೆ ಮುದ್ದರಾಜನು ಅದರ ಮಹಾದ್ವಾರವನ್ನು ನಿರ್ಮಿಸಿದನೆಂದೂ ತಿಳಿದುಬರುತ್ತದೆ. ಕಲ್ಲಿನಲ್ಲಿಯೇ ಕಡೆದ ಬಳೆಗಳ ಸರಪಳಿಯಿಂದ ಈ ದ್ವಾರಕ್ಕೆ ಬಳೇಮಂಟಪವೆಂಬ ಹೆಸರಾಯಿತು. ಅರಸರಿದ್ದಲ್ಲಿ ವಿದ್ವಾಂಸರೂ ಸೇರುವುದು ಸಹಜ. 'ರಾಜಶೇಖರ ವಿಳಾಸ'ದ ಕವಿ ಷಡಕ್ಷರಿಯ ಗದ್ದುಗೆ ಇಲ್ಲಿರುವುದು. 'ಹದಿಬದೆಯ ಧರ್ಮ'ವನ್ನು ರಚಿಸಿದ ಸಂಚಿಯ ಹೊನ್ನಮ್ಮ ಈ ಊರಿನಿಂದಲೇ ಚಿಕ್ಕದೇವರಾಜ ಒಡೆಯರ (1673–1704) ಅರಮನೆಯನ್ನು ಸೇರಿದವಳು. ಅದೇ ಅರಸರ ಮಂತ್ರಿಯಾದ ವಿಶಾಲಾಕ್ಷ ಪಂಡಿತನೂ ಇಲ್ಲಿಯವನೇ. 1807ರಲ್ಲಿ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಒಡೆತನವು ಬದಲಾದರೂ ಊರಿನ ಸ್ವಭಾವವು ಬದಲಾಗಲಿಲ್ಲ.

ಅಲ್ಲಿಂದ ಸುಮಾರು 15 ಕಿಲೋಮೀಟರ್ ದೂರದ ಕೊಳ್ಳೇಗಾಲದ ಬಗೆ ಬೇರೆ. ಕೋಹಳ, ಗಾಲವರೆಂಬ ಋಷಿಗಳ ಹೆಸರುಗಳು ಕೂಡಿ ಊರಿಗೆ ಈ ಹೆಸರು ಬಂದಿತೆಂಬುದು ಸ್ಥಳದ ಐತಿಹ್ಯ. ಇದು ಊರಿನ ಮೇಲಣ ಜನರ ಗೌರವವನ್ನು ತೋರಿಸುತ್ತದೆಯೇ ಹೊರತು ಅದರ ಏಳಿಗೆಯ ಕಾರಣವನ್ನು ತಿಳಿಸುವುದಿಲ್ಲ. ಆ ಕಾರಣವು ಹಿಪ್ಪುನೇರಳೆಯ ತೋಟದಲ್ಲಿಯೂ ಮಗ್ಗದ ಗುಂಡಿಯಲ್ಲಿಯೂ ಇದೆ. ಸುತ್ತಣ ಹಳ್ಳಿಗಳಲ್ಲಿ ಹುಳು ಸಾಕಿ ಗೂಡು ಪಡೆಯುವರು. ಗೂಡಿನಿಂದ ನೂಲು ಬಿಚ್ಚುವರು. ದೇವಾಂಗರೇ ಮೊದಲಾದ ನೇಕಾರರು ಪಟ್ಟಣದಲ್ಲಿ ಅದನ್ನು ಜರಿಯಂಚಿನ ವಸ್ತ್ರವಾಗಿ ನೇಯುವರು. ಬೆಳೆ, ಕಸುಬು, ಮಾರಾಟಗಳು ಹೀಗೆ ಒಂದೆಡೆ ಕೂಡಿದುದೇ ಇಲ್ಲಿ ಪಟ್ಟಣತ್ವದ ಬೀಜ. ಮೈಸೂರಿನ ಎತ್ತರದ ಸೀಮೆಯಿಂದ ಕೊಯಮತ್ತೂರಿನ ಬಯಲಿಗಿಳಿಯುವ ದಾರಿಯೂ ಈ ವ್ಯಾಪಾರಕ್ಕೆ ನೆರವಾಯಿತು.

ಈ ಎರಡು ಊರುಗಳ ಚರಿತ್ರೆಯಲ್ಲಿ ಗಮನಿಸಬೇಕಾದ ಒಂದು ವಿಶೇಷವುಂಟು. 1799ರಲ್ಲಿ ಟಿಪ್ಪುಸುಲ್ತಾನನ ಪತನಾನಂತರ ಕೊಳ್ಳೇಗಾಲವು ಕಂಪೆನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರಿನಲ್ಲಿಯೇ ಉಳಿಯಿತು. 1956ರ ನವೆಂಬರ್ 1ರವರೆಗೆ, ಎಂದರೆ ನೂರೈವತ್ತು ವರ್ಷಗಳಿಗೂ ಮಿಕ್ಕಿ, ನೆರೆಯ ಎರಡು ಊರುಗಳ ನಡುವೆ ಆಡಳಿತದ ಎಲ್ಲೆಯೊಂದು ಹಾದುಹೋಗಿದ್ದಿತು. ಕೊಳ್ಳೇಗಾಲದ ಜನರ ಮಾತು ಕನ್ನಡ. ಜಿಲ್ಲೆಯ ಕಚೇರಿ ಕೊಯಮತ್ತೂರಿನಲ್ಲಿ. ಆದರೂ ಊರು ಕುಂದಲಿಲ್ಲ. ಮದರಾಸು ಪ್ರಾಂತದಲ್ಲಿ ರೇಷ್ಮೆಯ ಬೆಳೆಗೆ ಮುಖ್ಯ ನೆಲೆಯೆಂದು ಹೆಸರಾಯಿತು. ಕಸುಬಿನಿಂದ ಬೆಳೆದ ಪಟ್ಟಣವು ರಾಜ್ಯದ ಗಡಿ ಸರಿದರೂ ಬಾಳಬಲ್ಲುದೆಂಬುದಕ್ಕೆ ಇದು ಸಾಕ್ಷಿ. ಅದಕ್ಕೆ ಗಂಡಾಂತರ ಒದಗುವುದಾದರೆ ಮಗ್ಗ ನಿಂತಾಗ.

ಹನೂರಿಗೆ ಅರಸರ ನೆಲೆಯೆಂಬ ಹಿರಿಮೆಯಾಗಲಿ, ನೇಯ್ಗೆಯ ಖ್ಯಾತಿಯಾಗಲಿ ಇಲ್ಲ. ಅದರ ಮಹತ್ತ್ವವೆಲ್ಲವೂ ದಾರಿಯದು. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳನ್ನು ದಾಟಿ ತಾಳಬೆಟ್ಟದ ಬಳಿ ಏರತೊಡಗುವ ಹಾದಿಯು ಮಲೆಯ ಮಹದೇಶ್ವರನ ಸನ್ನಿಧಿಯನ್ನು ಸೇರುತ್ತದೆ. ಶಿವರಾತ್ರಿ, ಯುಗಾದಿ, ದೀಪಾವಳಿಗಳ ಜಾತ್ರೆಗೆ ನಡೆದು ಬರುವ ಪರಿಷೆಗೆ ಹನೂರು ವಿಶ್ರಮಿಸುವ ಸ್ಥಳ; ಕಾಡಂಚಿನ ಹಳ್ಳಿಗಳವರಿಗೆ ಕೊಡುಕೊಳ್ಳುವ ಸ್ಥಳ. 2017ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಹನೂರೂ ಒಂದಾಗಿ ಕೊಳ್ಳೇಗಾಲದಿಂದ ಬೇರ್ಪಟ್ಟಿತು. ಇಲ್ಲಿ ದಾರಿಯು ಊರನ್ನು ಬೆಳೆಸಿತು. ಕಚೇರಿಯು ಬಳಿಕ ಬಂದಿತು.

ಇದರಿಂದ ಸಾಹಿತ್ಯಾಭ್ಯಾಸಿಗಳಿಗೂ ಒಂದು ಎಚ್ಚರಿಕೆ ದೊರೆಯುತ್ತದೆ. ಶಾಸನ ಮತ್ತು ಆಸ್ಥಾನಕವಿಗಳ ಕೃತಿಗಳನ್ನಷ್ಟೇ ಆಧಾರವೆಂದೆಣಿಸಿದರೆ ಯಳಂದೂರೊಂದೇ ಪಟ್ಟಣವಾಗಿ ತೋರಿ, ಉಳಿದೆರಡೂ ಮರೆಯಾಗುತ್ತವೆ. ಕೊಳ್ಳೇಗಾಲದ ಚರಿತ್ರೆಯನ್ನು ನೇಕಾರರ ಮನೆಯ ಲೆಕ್ಕಪತ್ರಗಳಲ್ಲಿಯೂ ಕಸುಬಿನ ಮಾತುಗಳಲ್ಲಿಯೂ ಅರಸಬೇಕು. ಹನೂರಿನ ಸೀಮೆಯದನ್ನು ಕಂಸಾಳೆಯ ದೇವರಗುಡ್ಡರು ಹಾಡುವ ಮಾದೇಶ್ವರನ ಕಾವ್ಯದಲ್ಲಿ ಅರಸಬೇಕು. ಆ ಕಾವ್ಯದಲ್ಲಿ ಆಲಂಬಾಡಿಯ ಜುಂಜೇಗೌಡನಂತಹ ಪಾತ್ರಗಳು ಊರಿನ ಹೆಸರಿನೊಡನೆಯೇ ಬರುವುದರಿಂದ ಅದು ನಾಡಿನ ದಾರಿಗಳ ದಾಖಲೆಯೂ ಆಗಿದೆ. ಕಲ್ಲಿನ ಬರೆಹ ಇನ್ನೂ ಬಹುಕಾಲ ಕಾದೀತು. ಮಗ್ಗದ ಮಾತೂ ಗುಡ್ಡರ ಹಾಡೂ ಕಾಯಲಾರವು. ಆದುದರಿಂದ ಇವುಗಳ ಸಂಗ್ರಹವೇ ಮೊದಲು ನಡೆಯತಕ್ಕ ಕಾರ್ಯ.