‘ಗೌಡ’ ಶಬ್ದದ ಮೂಲ ಮತ್ತು ಅರ್ಥವಿಚಾರ

ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿ ಮೊದಲಾದ ಊರುಗಳ ರೂಢಿಯಲ್ಲಿ ‘ಗೌಡ’ ಎಂಬುದು ಊರ ಮುಖಂಡನಿಗೆ ಸಲ್ಲುವ ಮಾತು. ಅವನ ಅಧಿಕಾರ ಗೌಡಕಿ. ಅವನ ಮಡದಿ ಗೌಡಸಾನಿ, ಆಡುಮಾತಿನಲ್ಲಿ ಗೌಡಶ್ಯಾನಿ. ಮೈಸೂರು ಸೀಮೆಯಲ್ಲಿಯೂ ಸುಳ್ಯದ ಕಡೆಯಲ್ಲಿಯೂ ಇದೇ ಶಬ್ದ ಸಮುದಾಯವಾಚಕವಾಗಿ ನಿಂತಿದೆ. ಈ ಎರಡನೆಯ ಅರ್ಥವನ್ನೇ ಮನಸ್ಸಿನಲ್ಲಿಟ್ಟುಕೊಂಡು, ಹಸ್ತಪ್ರತಿಯ ಅಂತ್ಯಪ್ರಶಸ್ತಿಯಲ್ಲಿ ‘ಗವುಡ’ ಎಂಬ ರೂಪ ಕಂಡೊಡನೆ ಪ್ರತಿ ಬರೆಯಿಸಿದ ಶ್ರಾವಕನ ಕುಲವನ್ನು ನಿರ್ಣಯಿಸುವುದು ಯುಕ್ತವಲ್ಲ. ಶಬ್ದದ ಇತಿಹಾಸವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಪ್ರಾಚೀನ ಶಾಸನಗಳಲ್ಲಿ ದೊರೆಯುವ ರೂಪ ‘ಗಾಮುಂಡ’. ಹಾನಗಲ್ಲ ತಾಲೂಕಿನ ಆಡೂರಿನಲ್ಲಿರುವ, ಬಾದಾಮಿ ಚಾಲುಕ್ಯ ಕೀರ್ತಿವರ್ಮನ ಕಾಲದ ಶಾಸನ ಜೈನ ವಿದ್ವಾಂಸರಿಗೆ ಸುಪರಿಚಿತವಾದುದು. ಅದರಲ್ಲಿ ಜಿನಾಲಯವನ್ನು ಮಾಡಿಸಿದವನು ಧರ್ಮಗಾಮುಂಡ. ದಾನದಲ್ಲಿ ದೋಣಗಾಮುಂಡ, ಎಳಗಾಮುಂಡರ ಹೆಸರುಗಳೂ ಬರುತ್ತವೆ. ಮುಂದಿನ ಶತಮಾನಗಳಲ್ಲಿ ಮಕಾರವು ವಕಾರವಾಗಿ ‘ಗಾವುಂಡ’, ಆದಿಸ್ವರವು ಹ್ರಸ್ವವಾಗಿ ‘ಗವುಂಡ’, ಬಳಿಕ ಬಿಂದು ಲೋಪವಾಗಿ ‘ಗವುಡ’, ‘ಗೌಡ’ ಎಂದು ಶಬ್ದ ಸವೆಯುತ್ತ ಬಂದಿದೆ. ತಮಿಳಿನ ಕೊಂಗುನಾಡಿನಲ್ಲಿ ‘ಕವುಂಡರ್’ ಎಂಬಲ್ಲಿ ಆ ಬಿಂದು ಇಂದಿಗೂ ಉಳಿದಿದೆ.

ಮೂಲದ ವಿಷಯದಲ್ಲಿ ಎರಡು ಮತಗಳು ಮುಖ್ಯವಾದವು. ‘ಗ್ರಾಮವೃದ್ಧ’ ಶಬ್ದದಿಂದ ಬಂದಿತೆಂಬುದು ಒಂದು. ಅರ್ಥಕ್ಕೆ ಇದು ಚೆನ್ನಾಗಿ ಹೊಂದುತ್ತದೆ; ಆದರೆ ಪ್ರಾಕೃತದ ‘ವುಡ್ಢ’ ರೂಪದ ಮಹಾಪ್ರಾಣ ಕನ್ನಡದಲ್ಲಿ ಅಳಿದು ಬಿಂದುವೊಂದು ಸೇರಿತೆಂದು ಹೇಳಬೇಕಾಗುತ್ತದೆ. ಇದು ಅಸಾಧ್ಯವೇನೂ ಅಲ್ಲ. ‘ಗ್ರಾಮಕೂಟ’ ಎಂಬುದು ಇನ್ನೊಂದು. ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ರಾಷ್ಟ್ರಪತಿ, ವಿಷಯಪತಿ, ಗ್ರಾಮಕೂಟ ಎಂಬ ಅಧಿಕಾರಿಗಳ ಸಾಲು ಸಾಮಾನ್ಯ. ಸ್ವರಮಧ್ಯದ ಕಕಾರ ಲೋಪವಾಗಿ ಟಕಾರ ಡಕಾರವಾದರೆ ‘ಗಾಮಊಡ’ ಆಗುತ್ತದೆ. ಇದು ಪ್ರಾಕೃತದ ನಿತ್ಯಮಾರ್ಗ. ಹೇಮಚಂದ್ರಾಚಾರ್ಯರು 12ನೆಯ ಶತಮಾನದ ತಮ್ಮ ದೇಶೀನಾಮಮಾಲೆಯಲ್ಲಿ ‘ಗಾಮಉಡ’ ಶಬ್ದಕ್ಕೆ ಗ್ರಾಮಪ್ರಧಾನ ಎಂಬ ಅರ್ಥವನ್ನೇ ಕೊಟ್ಟಿದ್ದಾರೆ. ಬಿಂದು ಆಗಮವನ್ನು ಇಲ್ಲಿಯೂ ಒಪ್ಪಬೇಕಾದರೂ ಪ್ರಾಕೃತ ಕೋಶದ ಬೆಂಬಲವಿರುವ ಈ ಎರಡನೆಯ ಮತವೇ ನನಗೆ ಹೆಚ್ಚು ಗ್ರಾಹ್ಯವಾಗಿ ತೋರುತ್ತದೆ. ಗೌಡದೇಶ, ಗೌಡೀರೀತಿಗಳ ‘ಗೌಡ’ ಶಬ್ದಕ್ಕೂ ಇದಕ್ಕೂ ಸಂಬಂಧ ಕಲ್ಪಿಸುವುದು ಕೇವಲ ಧ್ವನಿಸಾಮ್ಯದ ಭ್ರಮೆ. ಗಾಮುಂಡ ರೂಪವೊಂದೇ ಅದನ್ನು ನಿರಾಕರಿಸಲು ಸಾಕು.

ಊರ ಮಟ್ಟದಲ್ಲಿ ಊರ್ಗಾವುಂಡನಿದ್ದಂತೆ ನಾಡಿನ ಮಟ್ಟದಲ್ಲಿ ನಾಳ್ಗಾವುಂಡನಿದ್ದನು. ‘ನಾಳ್ಗಾವುಂಡು ಗೆಯ್’ ಎಂಬ ಶಾಸನಪ್ರಯೋಗವನ್ನು ಗಮನಿಸಬೇಕು. ಇಲ್ಲಿ ಶಬ್ದವು ವ್ಯಕ್ತಿಯನ್ನೂ ಅಲ್ಲ, ಕುಲವನ್ನೂ ಅಲ್ಲ, ನಡೆಸತಕ್ಕ ಕೆಲಸವನ್ನು ಹೇಳುತ್ತದೆ. ಆ ಕೆಲಸವನ್ನು ಸ್ತ್ರೀಯೂ ನಡೆಸಿದ್ದುಂಟು. 10ನೆಯ ಶತಮಾನದ ಆದಿಯಲ್ಲಿ, ನಾಗರಖಂಡ 70ರ ನಾಳ್ಗಾವುಂಡನಾಗಿದ್ದ ಪತಿ ತೀರಿಕೊಂಡ ಮೇಲೆ ಅವನ ಪದವಿಯನ್ನು ಜಕ್ಕಿಯಬ್ಬೆ ವಹಿಸಿಕೊಂಡಳು. ಕೊನೆಗೆ ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನವಿಧಿಯಿಂದ ದೇಹತ್ಯಾಗ ಮಾಡಿದಳು. ಈಕೆಯನ್ನು ಗೌಡಸಾನಿ ಎಂದರೆ ತಪ್ಪಾದೀತು. ಈಕೆ ತಾನೇ ಗಾವುಂಡೆ.

ಬೆಳಗಾವಿ, ಧಾರವಾಡಗಳ ಕಡೆಯ ‘ಗೌಡ ಪಾಟೀಲ’ ಎಂಬ ಹೆಸರುಗಳಲ್ಲಿ ಒಂದೇ ಅಧಿಕಾರ ಎರಡು ಸಲ ಕುಳಿತಿರುವುದು ಒಂದು ವಿನೋದ. ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ 1961ರ ಶಾಸನದಿಂದ ವಂಶಪಾರಂಪರ್ಯದ ಗೌಡಕಿ ಹೋಯಿತು, ಹೆಸರು ಉಳಿಯಿತು.

ಇನ್ನು ಓಲೆಗರಿಗಳ ಮಾತು. ಗರಿಯ ಮೇಲೆ ಸೊನ್ನೆ ಮಸುಕಾಗುವುದೂ ಲಿಪಿಕಾರನು ಅದನ್ನು ಬಿಡುವುದೂ ಸಾಮಾನ್ಯವಾದುದರಿಂದ ‘ಗವುಂಡ’, ‘ಗವುಡ’ಗಳ ಭೇದವೊಂದನ್ನೇ ಹಿಡಿದು ಪ್ರತಿಯ ಕಾಲವನ್ನು ಹೇಳಲಾಗದು. ಆದರೂ ಪ್ರತಿಯಲ್ಲಿದ್ದ ರೂಪವನ್ನು ‘ಗೌಡ’ ಎಂದು ತಿದ್ದಿ ಅಚ್ಚು ಮಾಡಿದರೆ ಮುಂದಿನ ಓದುಗನಿಗೆ ಆ ವಿಚಾರಕ್ಕೆ ಎಡೆಯೇ ಇರುವುದಿಲ್ಲ. ಇದ್ದ ರೂಪವನ್ನು ಪಾಠದಲ್ಲಿಯೇ ಉಳಿಸಿ, ಸಂಪಾದಕನ ಊಹೆಯನ್ನು ಅಡಿಟಿಪ್ಪಣಿಯಲ್ಲಿ ಕೊಡಬೇಕು.